ಖಳನಾಯಕಿಗೆ ಕಾಡಿಗೆ, ಗಂಡನಿಗೆ ಕ್ಷಮೆ



ಈಚೆಗೆ ಚಿಕ್ಕೋಡಿ ಹತ್ತಿರದ ಒಂದು ಹಳ್ಳಿಯ ಸ್ತ್ರೀಶಕ್ತಿ ಸಂಘದ ವಾರದ ಸಭೆಗೆ ಹೋಗಿದ್ದೆ. ಮೊದಲೆಲ್ಲ ಆ ಸಭೆ ಸಂಜೆ ಏಳಕ್ಕೆ ಸೇರುತ್ತಿತ್ತು, ಈಗ ನಾಲ್ಕಕ್ಕೆ ಸೇರುತ್ತದೆ. ಏಳರ ಮೇಲೆ ಧಾರಾವಾಹಿಗಳ ಹೊತ್ತು. ಆಗ ಕರೆದರೆ ಸಂಘದ ಅಧ್ಯಕ್ಷೆಯೇ ಬರುವುದಿಲ್ಲ. ಉಳಿತಾಯದ ಹಣ ಎಣಿಸಿ ಪುಸ್ತಕಕ್ಕೆ ಬರೆಯುವಷ್ಟರಲ್ಲಿ ಒಬ್ಬಾಕೆ ನನ್ನ ಕಡೆ ತಿರುಗಿ, "ಬಾಯಾರ, ನಿನ್ನಿ ಆಕಿ ಹಾಲಿನಾಗ ವಿಷಾ ಹಾಕ್ಯಾಳ್ರಿ!" ಅಂದಳು. ನನ್ನ ಎದೆ ಝಲ್ಲೆಂದಿತು. "ಯಾರ ಮನ್ಯಾಗವಾ?" ಎಂದೆ. ಎಲ್ಲರೂ ನಕ್ಕುಬಿಟ್ಟರು. "ಯಾರ ಮನ್ಯಾಗೂ ಅಲ್ರಿ, ಟೀವ್ಯಾಗ!"

ಆಮೇಲೆ ಅರ್ಧ ತಾಸು ಅದೇ ಮಾತು. ಆಕೆ ಎಂಥ ಚಂಡಾಲಿ, ಹುಬ್ಬು ಹೇಗೆ ಏರಿಸುತ್ತಾಳೆ, ಮೊದಲು ಎಷ್ಟು ಚಲೋ ಇದ್ದಳು, ಈಗ ಹೇಗೆ ಕೆಟ್ಟಳು. ಪ್ರತಿಯೊಬ್ಬರ ಬಾಯಲ್ಲೂ ಬೈಗುಳ ಇತ್ತು, ಬೈಗುಳದ ಒಳಗೆ ಒಂದು ಖುಷಿಯೂ ಇತ್ತು. ಅದೇ ಹೊತ್ತಿಗೆ ಗೋಡೆಗೆ ಆತು ಕೂತಿದ್ದ ಒಬ್ಬ ತಂಗಿ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎಡಗೈಯಿಂದ ಸಹಿ ಮಾಡಲು ಒದ್ದಾಡುತ್ತಿದ್ದಳು. ಮುಂಗೈ ಬಾತು ನೀಲಿಗಟ್ಟಿತ್ತು. "ಏನಾತವಾ?" ಎಂದೆ. "ಬಚ್ಚಲದಾಗ ಜಾರಿ ಬಿದ್ನಿರಿ" ಅಂದಳು. ಮತ್ತೆ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮಾತು ತಿರುಗಿ ಹಾಲಿನ ವಿಷಕ್ಕೆ ಹೋಯಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಟೀವಿಯೊಳಗಿನ ವಿಷ ನಮ್ಮ ಕಣ್ಣಿಗೆ ಕಂಡಿತು, ಪಕ್ಕದಲ್ಲಿ ಕೂತವಳ ಕೈ ಕಾಣಲಿಲ್ಲ. ಇದು ಹೇಗಾಯಿತು? ಈ ಲೇಖನ ಬರೆಯಲು ಆ ಪ್ರಶ್ನೆಯೇ ಕಾರಣ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಧಾರಾವಾಹಿ ನೋಡುವ ಹೆಂಗಸರನ್ನು ಹೀಯಾಳಿಸುವ ಪಂಡಿತರ ಸಾಲಿನಲ್ಲಿ ನಾನಿಲ್ಲ. ಇಡೀ ದಿನ ಬೀಡಿ ಕಟ್ಟಿ, ಕಬ್ಬಿನ ಗದ್ದೆಯಲ್ಲಿ ಸೋಗೆ ಬಳಿದು, ಮನೆಗೆ ಬಂದು ರೊಟ್ಟಿ ಬಡಿದು ಮುಗಿಸಿದ ಹೆಣ್ಣುಮಗಳಿಗೆ ರಾತ್ರಿ ಒಂದು ತಾಸು ಕೂತು ನೋಡುವ ಹಕ್ಕಿದೆ. ಗಂಡಸರು ಕ್ರಿಕೆಟ್ ನೋಡುವಾಗ ಯಾರೂ ಕೇಳುವುದಿಲ್ಲ, ನಾವು ಧಾರಾವಾಹಿ ನೋಡಿದರೆ ಮಾತ್ರ ಬುದ್ಧಿ ಹೇಳುತ್ತಾರೆ. ನಾನೂ ನೋಡುತ್ತೇನೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ಮೇಲೆ ಇನ್ನೂ ಹೆಚ್ಚು ನೋಡುತ್ತೇನೆ. ನಮ್ಮ ಗಡಿಭಾಗದ ಮನೆಗಳಲ್ಲಿ ಎರಡು ಭಾಷೆಯ ಕತೆಗಳೂ ಓಡುತ್ತವೆ. ನಿಪ್ಪಾಣಿ, ಕಾಗವಾಡದ ಕಡೆ ಅತ್ತೆ ಮರಾಠಿ ನೋಡಿದರೆ ಸೊಸೆ ಕನ್ನಡ ನೋಡುತ್ತಾಳೆ. ರಿಮೋಟಿಗಾಗಿ ಜಗಳವಾಗುತ್ತದೆ, ಆದರೆ ಕತೆ ಎರಡರಲ್ಲೂ ಒಂದೇ. ಹಾಗಾಗಿ ನಾನು ಕೇಳುವುದು ನೋಡಬೇಕೋ ಬೇಡವೋ ಎಂದಲ್ಲ. ನಾವು ನೋಡುತ್ತಿರುವುದು ಏನನ್ನು, ಅದು ನಮ್ಮ ಕಣ್ಣಿಗೆ ಏನನ್ನು ಕಲಿಸುತ್ತಿದೆ ಎಂದು.

ಖಳನಾಯಕಿ ತಯಾರಾಗುವ ರೀತಿ

ಧಾರಾವಾಹಿಯ ಕೆಟ್ಟ ಹೆಂಗಸು ಮೊದಲ ದಿನದಿಂದಲೇ ಕೆಟ್ಟವಳಾಗಿ ಬರುವುದು ಕಡಿಮೆ. ಬಹಳ ಸಲ ಆಕೆ ನಮ್ಮ ನಿಮ್ಮಂತೆ ನೊಂದವಳಾಗಿ ಬರುತ್ತಾಳೆ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಿರುತ್ತಾನೆ, ಇಲ್ಲವೇ ಮಕ್ಕಳಾಗಲಿಲ್ಲ ಎಂದು ಮನೆಯವರು ಚುಚ್ಚಿರುತ್ತಾರೆ, ಇಲ್ಲವೇ ದುಡಿದು ಮನೆ ನಿಲ್ಲಿಸಿದರೂ ಆಸ್ತಿಯಲ್ಲಿ ಪಾಲಿರುವುದಿಲ್ಲ. ನಾವು ಅವಳ ಜೊತೆ ಅಳುತ್ತೇವೆ. ಇದು ಮೊದಲ ಹಂತ.

ಎರಡನೆಯ ಹಂತದಲ್ಲಿ ಆ ನೋವು ಕೊಟ್ಟವನನ್ನು ಕತೆಯಿಂದ ಮೆಲ್ಲಗೆ ಆಚೆ ಸರಿಸುತ್ತಾರೆ. ಅವನು ಸತ್ತು ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ಆಗುತ್ತಾನೆ, ಇಲ್ಲವೇ ಪಶ್ಚಾತ್ತಾಪಪಟ್ಟ ಸಾಧು ಆಗುತ್ತಾನೆ, ಇಲ್ಲವೇ ಸೋಫಾದ ಮೇಲೆ ಪೇಪರ್ ಓದುತ್ತ ಕೂತ ಬಡಪಾಯಿ ಆಗುತ್ತಾನೆ. ಅವಳ ಸಿಟ್ಟು ಮಾತ್ರ ಹಾಗೇ ಉಳಿಯುತ್ತದೆ. ಸಿಟ್ಟಿಗೆ ಕಾರಣವಾದವನು ಕಣ್ಣಿಗೆ ಕಾಣದೆ ಹೋದ ಮೇಲೆ ಆ ಸಿಟ್ಟು ನಮಗೆ ಹುಚ್ಚಾಗಿ ಕಾಣುತ್ತದೆ.

ಮೂರನೆಯ ಹಂತದಲ್ಲಿ ಅವಳ ಕೈಗೆ ವಿಷದ ಶೀಶೆ ಕೊಟ್ಟು ಎದುರಿಗೆ ಇನ್ನೊಬ್ಬ ಹೆಂಗಸನ್ನು ನಿಲ್ಲಿಸುತ್ತಾರೆ. ಮನೆಗೆ ಬಂದ ಸೊಸೆ, ನೆಗೆಣ್ಣಿ, ಸವತಿ, ಯಾರಾದರೂ ಆದೀತು. ಅವಳ ಕಾಡಿಗೆ ದಪ್ಪವಾಗುತ್ತದೆ, ಟಿಕಳಿ ಉದ್ದವಾಗುತ್ತದೆ, ಸೀರೆಯ ಬಣ್ಣ ಗಾಢವಾಗುತ್ತದೆ. ಅವಳು ಬಂದಾಗಲೆಲ್ಲ ಒಂದೇ ಥರದ ಸಂಗೀತ ಬಾರಿಸುತ್ತದೆ. ಅವಳ ಮುಖವನ್ನು ಮೂರು ಕಡೆಯಿಂದ ಮೂರು ಸಲ ತೋರಿಸುತ್ತಾರೆ. ಹಿಂದಿಯಲ್ಲಿ 2001ರಲ್ಲಿ ಶುರುವಾದ 'ಕಸೌಟಿ ಜಿಂದಗಿ ಕೀ'ಯ ಕೊಮೊಲಿಕಾ ಈ ಮೂಸೆಯ ಹಿರಿಯಕ್ಕ. ಊರ್ವಶಿ ಢೋಲಕಿಯಾ ಮಾಡಿದ ಆ ಪಾತ್ರದ ಟಿಕಳಿ, ಮೂಗುತಿ, ಹುಬ್ಬು ನಮ್ಮ ಹುಡುಗಿಯರಿಗೆ ಇಂದಿಗೂ ಗೊತ್ತು. ಆ ಕತೆಯ ಗಂಡಸು ಏನೇನು ತಪ್ಪು ಮಾಡಿದ ಎಂದು ಕೇಳಿ, ಯಾರಿಗೂ ನೆನಪಿಲ್ಲ. ಕನ್ನಡದಲ್ಲಿ 2013ರ ಡಿಸೆಂಬರಿನಿಂದ 2020ರ ಜನವರಿಯವರೆಗೆ ನಡೆದ 'ಅಗ್ನಿಸಾಕ್ಷಿ'ಯ ಚಂದ್ರಿಕಾಳ ಹೆಸರು ಆ ಕಾಲಕ್ಕೆ ನಮ್ಮ ಓಣಿಗಳಲ್ಲಿ ಬೈಗುಳವೇ ಆಗಿತ್ತು. ಜೋರು ಮಾತಾಡುವ ಸೊಸೆಗೆ "ಚಂದ್ರಿಕಾ ಬಂದ್ಲು" ಎಂದು ಹೆಸರಿಟ್ಟು ನಗುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಆ ಸೊಸೆ ಮಾಡಿದ ತಪ್ಪೇನು? ತನ್ನ ಪಗಾರ ತನ್ನ ಕೈಯಲ್ಲೇ ಇರಲಿ ಅಂದಿದ್ದಳು.

ಹೀಗೆ ಯಾಕೆ ಮಾಡುತ್ತಾರೆ? ಇದರ ಹಿಂದೆ ವ್ಯಾಪಾರದ ಲೆಕ್ಕ ಇದೆ. ಧಾರಾವಾಹಿ ವಾರಕ್ಕೆ ಐದಾರು ದಿನ ಬರಬೇಕು. ವಾರವಾರ ಎಷ್ಟು ಮನೆಗಳು ನೋಡಿದವು ಎಂಬ ಟಿಆರ್‌ಪಿ ಲೆಕ್ಕ ಬರುತ್ತದೆ, ಅದರ ಮೇಲೆ ಜಾಹೀರಾತಿನ ಹಣ ನಿಂತಿದೆ. ಆರು ತಿಂಗಳಿಗೆ ಮುಗಿಯಬೇಕಾದ ಕತೆ ಆರು ವರ್ಷ ಓಡುತ್ತದೆ. ಮರಾಠಿಯ 'ಚಾರ್ ದಿವಸ್ ಸಾಸೂಚೆ' 2001ರಿಂದ 2013ರವರೆಗೆ ಮೂರು ಸಾವಿರಕ್ಕೂ ಹೆಚ್ಚು ಕಂತು ನಡೆಯಿತು. ಇಷ್ಟು ಉದ್ದಕ್ಕೆ ಎಳೆಯಬೇಕಾದರೆ ದಿನವೂ ಒಂದು ಜಗಳ ಬೇಕು. ಹೊರಗಿನ ಜಗಳ ತೋರಿಸಲು ಖರ್ಚು ಹೆಚ್ಚು. ಬ್ಯಾಂಕು, ಕೋರ್ಟು, ಪೊಲೀಸ್ ಠಾಣೆ, ಕಾರ್ಖಾನೆಯ ಗೇಟು, ಇದಕ್ಕೆಲ್ಲ ಹೊಸ ಸೆಟ್ಟು ಬೇಕು, ಬರೆಯುವವರಿಗೆ ಓದೂ ಬೇಕು. ಒಂದೇ ಹಾಲ್, ಒಂದೇ ಅಡಿಗೆಮನೆ, ಅದೇ ನಟಿಯರು ಸಾಕಾಗುವ ಜಗಳ ಒಂದೇ: ಹೆಂಗಸಿಗೂ ಹೆಂಗಸಿಗೂ ಹಚ್ಚುವುದು. ಹಾಗಾಗಿ ನಿನ್ನೆಯ ಚಲೋ ವೈನಿ ಇಂದು ರಾಕ್ಷಸಿ ಆಗುತ್ತಾಳೆ.

ಎಷ್ಟೋ ಕತೆಗಳು ಒಳ್ಳೆಯ ಪ್ರಶ್ನೆಯಿಂದಲೇ ಹೊರಡುತ್ತವೆ ಎಂಬುದು ಇನ್ನೂ ಬೇಸರದ ಮಾತು. 2021ರ ಡಿಸೆಂಬರಿನಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ನೆನಪಿಸಿಕೊಳ್ಳಿ. ಉಮಾಶ್ರೀ ಅವರ ಪುಟ್ಟಕ್ಕನನ್ನು ನೋಡಿ ನಾನು ಕಣ್ಣೀರು ಹಾಕಿದ್ದೇನೆ. ಮೂರೂ ಹೆಣ್ಣಾದವೆಂದು ಗಂಡ ಬಿಟ್ಟುಹೋದ. ಅವಳು ಮೆಸ್ ನಡೆಸಿ ಮೂವರನ್ನೂ ಸಾಕಿದಳು. ಇಂಥ ಪುಟ್ಟಕ್ಕಂದಿರು ರಾಯಬಾಗದಲ್ಲೂ ಇದ್ದಾರೆ, ಅಥಣಿಯಲ್ಲೂ ಇದ್ದಾರೆ, ನಮ್ಮ ಸಂಘಗಳಲ್ಲೇ ಇದ್ದಾರೆ. ಆದರೆ ಆ ಕತೆಯಲ್ಲಿ ನಾವು ಹಲ್ಲು ಕಡಿದದ್ದು ಯಾರ ಮೇಲೆ? ಎರಡನೆಯ ಹೆಂಡತಿ ರಾಜೇಶ್ವರಿಯ ಮೇಲೆ. ಮೂರು ಮಕ್ಕಳನ್ನು ಬಿಟ್ಟುಹೋದ ಗೋಪಾಲ ಅವಳ ಕೈಯಲ್ಲಿ ಸಿಕ್ಕ ಬಡಪಾಯಿಯಾಗಿ ಕಂಡ. ಹೆಣ್ಣು ಹುಟ್ಟಿತೆಂದು ಮನೆ ಬಿಟ್ಟವನು ಅವನು, ಶಾಪ ಹಾಕಿಸಿಕೊಂಡವಳು ಅವಳು. ಇದು ಯಾವ ನ್ಯಾಯ?

ನಾಯಕನೇ ಖಳನಾದಾಗ

ಹಾಗಾದರೆ ಗಂಡಸರು ಧಾರಾವಾಹಿಯಲ್ಲಿ ಕೆಟ್ಟವರಾಗುವುದೇ ಇಲ್ಲವೇ? ಒಮ್ಮೆ ಆದರು. ಆಗ ನಮ್ಮ ಮನೆಗಳಲ್ಲಿ ಏನಾಯಿತು ಎಂಬುದನ್ನು ಹೇಳಲೇಬೇಕು.

2018ರಲ್ಲಿ ಮರಾಠಿಯಲ್ಲಿ 'ತುಲಾ ಪಾಹತೆ ರೇ' ಶುರುವಾಯಿತು. ಸುಬೋಧ್ ಭಾವೆ ಅವರು ವಿಕ್ರಾಂತ್ ಸರಂಜಾಮೆ ಎಂಬ ದೊಡ್ಡ ಉದ್ಯಮಿ, ಗಾಯತ್ರಿ ದಾತಾರ್ ಅವರು ಈಶಾ ಎಂಬ ಸಾಧಾರಣ ಮನೆಯ ಹುಡುಗಿ. ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ದೊಡ್ಡವನಾದರೂ ಎಂಥ ಮೃದು ಮಾತು, ಎಂಥ ಮರ್ಯಾದೆ! ನಿಪ್ಪಾಣಿಯಿಂದ ಕಾಗವಾಡದವರೆಗೆ ಅತ್ತೆ ಸೊಸೆ ಇಬ್ಬರೂ ಕೂಡಿ ಕೂತು ನೋಡಿದರು. ಇಂಥ ಅಳಿಯ ಸಿಗಬೇಕು ಎಂದು ಹರಕೆ ಹೊತ್ತವರೂ ಇದ್ದರು. ಮದುವೆಯೂ ಆಯಿತು. ಆಮೇಲೆ ನಿಜ ಬಿಚ್ಚಿಕೊಂಡಿತು. ಈ ಮೃದು ಮಾತಿನ ಮನುಷ್ಯ ಆಸ್ತಿಗಾಗಿ ತನ್ನ ಮೊದಲ ಹೆಂಡತಿ ರಾಜನಂದಿನಿಯನ್ನು ಕೊಂದವನು.

ನಿಪ್ಪಾಣಿಯ ನನ್ನ ಪರಿಚಯದ ಒಬ್ಬ ಮಾವಶಿ ಅಂದು ಟೀವಿ ಆರಿಸಿ ಎದ್ದುಹೋದರು. "ಬರಿಯಾವ್ರು ಕತಿ ಕೆಡಿಸಿಬಿಟ್ರು. ಅಂವಾ ಅಂಥಾಂವ ಅಲ್ಲ" ಅಂದರು. ನಾನು ಅವರಿಗೆ ಕೇಳಿದೆ: "ಮಾವಶಿ, ಒಳ್ಳೆ ವೈನಿ ವಿಷಾ ಹಾಕಿದಾಗ ನೀವು ಹಿಂಗ ಅನಲಿಲ್ಲ. ಆಗ 'ನನಗ ಮೊದಲ ಗೊತ್ತಿತ್ತು, ಆಕಿ ಕಣ್ಣ ಹೇಳತಿದ್ದುವು' ಅಂದ್ರಿ." ಅವರು ಉತ್ತರ ಕೊಡಲಿಲ್ಲ. ಅದೇ ಕತೆ 2019ರ ಸೆಪ್ಟೆಂಬರಿನಲ್ಲಿ 'ಜೊತೆ ಜೊತೆಯಲಿ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಾಗ, ಅನಿರುದ್ಧ ಅವರ ಆರ್ಯವರ್ಧನನ ಮೇಲೆ ನಮ್ಮ ಕಡೆ ಅದಕ್ಕಿಂತ ಹೆಚ್ಚು ಪ್ರೀತಿ ಸುರಿಯಿತು. ಮರಾಠಿ ನೋಡಿದವರಿಗೆ ಮುಂದಿನ ಕತೆ ಗೊತ್ತಿತ್ತು. ಆದರೂ "ಕನ್ನಡದಾಗ ಹಂಗ ಮಾಡೂದಿಲ್ಲ ಬಿಡ್ರಿ" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ನೋಡಿ, ಹೆಂಗಸು ಕೆಟ್ಟವಳಾದರೆ ನಮಗೆ ಆಶ್ಚರ್ಯವಿಲ್ಲ. ಗಂಡಸು ಕೆಟ್ಟವನಾದರೆ ಕತೆ ಕೆಟ್ಟಿತು ಅನ್ನುತ್ತೇವೆ. ಆದರೆ ಅಷ್ಟು ವರ್ಷ ನೋಡಿದ ಧಾರಾವಾಹಿಗಳಲ್ಲಿ ನಮ್ಮ ಊರುಗಳ ನಿಜಕ್ಕೆ ಹತ್ತಿರವಾಗಿದ್ದುದು ಆ ಒಂದೇ ತಿರುವು. ಹಣಕ್ಕಾಗಿ ಹೆಂಡತಿಯ ಜೀವ ತೆಗೆಯುವವನು ಕೋರೆಹಲ್ಲು ಹಚ್ಚಿಕೊಂಡು ಬರುವುದಿಲ್ಲ. ಇಸ್ತ್ರಿ ಅಂಗಿ ತೊಟ್ಟು, "ನಮಸ್ಕಾರ್ರಿ" ಅನ್ನುತ್ತ ಬರುತ್ತಾನೆ. ಅವನ ಹಿಂದೆ ಯಾವ ಸಂಗೀತವೂ ಬಾರಿಸುವುದಿಲ್ಲ. ಒಂದು ಮಾತು ಮಾತ್ರ ಆ ಕತೆಯೂ ತಪ್ಪಿತು. ಅಲ್ಲಿ ನ್ಯಾಯ ಸಿಗಲು ರಾಜನಂದಿನಿ ಈಶಾಳಾಗಿ ಮತ್ತೆ ಹುಟ್ಟಿಬರಬೇಕಾಯಿತು. ನಮ್ಮೂರುಗಳಲ್ಲಿ ಸ್ಟೋವ್ ಸಿಡಿದು ಸತ್ತವರು, ಬಾವಿಗೆ ಬಿದ್ದವರು ಮತ್ತೆ ಹುಟ್ಟಿ ಬಂದು ಸಾಕ್ಷಿ ಹೇಳುವುದಿಲ್ಲ.

ನನ್ನದೂ ಒಂದು ತಪ್ಪು

ಮಾವಶಿಯನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ನಾನು ಎಂ.ಎ. ಓದಿದವಳು, ಸಾಹಿತ್ಯದಲ್ಲಿ ಪಾತ್ರಗಳ ಒಳಹೊರಗು ಪಾಠ ಹೇಳಿದವಳು. ಆದರೂ ಅದೇ ತಪ್ಪು ಮಾಡಿದೆ. ಅದನ್ನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

1990ರ ದಶಕದ ನಡುವಿನ ಮಾತು. ನನ್ನಲ್ಲಿ ಕನ್ನಡ ಓದಿದ ಒಬ್ಬ ವಿದ್ಯಾರ್ಥಿ ನಮ್ಮ ಓಣಿಯಲ್ಲೇ ಇದ್ದ. ಬಹಳ ವಿನಯ. ದಾರಿಯಲ್ಲಿ ಕಂಡರೆ ಸೈಕಲ್ ಇಳಿದು ಮಾತಾಡಿಸುವ ಹುಡುಗ. ನೌಕರಿ ಆಯಿತು, ಮದುವೆ ಆಯಿತು. ಐದು ತೊಲೆ ಬಂಗಾರ, ಒಂದು ಮೋಟಾರ್ ಸೈಕಲ್ಲು ಹುಂಡಾ ತೆಗೆದುಕೊಂಡರು ಎಂದು ಕೇಳಿದ್ದೆ. ಆಗ ಎಲ್ಲರೂ ತೆಗೆದುಕೊಳ್ಳುತ್ತಿದ್ದರು, ನಾನು ಊಟ ಮಾಡಿ ಬಂದೆ. ಅವನ ತಾಯಿ ಜೋರು ಬಾಯಿಯವಳು. "ತವರಿನಿಂದ ಏನ್ ತಂದಿ?" ಎಂದು ಸೊಸೆಗೆ ಕೇಳುವುದು ನಮ್ಮ ಮನೆಗೂ ಕೇಳುತ್ತಿತ್ತು. ಎರಡನೆಯ ವರ್ಷ ಆ ಸೊಸೆ ಸುಟ್ಟುಕೊಂಡಳು. ಕುತ್ತಿಗೆ, ಕೈ ಬೆಂದರೂ ಜೀವ ಉಳಿಯಿತು. ವಿಚಾರಣೆಗೆ ಬಂದವರು ನೆರೆಯವರನ್ನೆಲ್ಲ ಕೇಳಿದರು. ನನ್ನನ್ನೂ ಕೇಳಿದರು. ನಾನು ಹೇಳಿದೆ: "ಹುಡುಗ ಬಹಳ ಒಳ್ಳೆಯವನು. ತಾಯಿಯದೇ ಕಾಟ." ಊರೆಲ್ಲ ಅದನ್ನೇ ಹೇಳಿತು. ಆ ಹುಡುಗಿ ತವರಿಗೆ ಹೋದಳು. ಪ್ರಕರಣ ರಾಜಿಯಲ್ಲಿ ಮುಗಿಯಿತು. ಅವನು ಮತ್ತೊಂದು ಮದುವೆಯಾದ.

ಕೆಲವು ವರ್ಷಗಳ ನಂತರ ಕುಡಚಿ ಸ್ಟೇಷನ್ನಿನಲ್ಲಿ ಅವಳೇ ನನ್ನ ಗುರುತು ಹಿಡಿದು ಮಾತಾಡಿಸಿದಳು. ಕುತ್ತಿಗೆಯ ಕಲೆ ಹಾಗೇ ಇತ್ತು. ಗಾಡಿ ತಡವಿತ್ತು, ಬಾಕಿನ ಮೇಲೆ ಕೂತೆವು. "ಬಾಯಾರ, ಅತ್ತಿ ಬಾಯಿ ಮಾಡತಿದ್ಲು ಖರೆ. ಆದ್ರ ಏನೇನ್ ತರಬೇಕಂತ ಚೀಟಿ ಬರದು ಕೊಡಾಂವ ನಿಮ್ಮ ವಿದ್ಯಾರ್ಥಿನ ಇದ್ದ. ಅತ್ತಿಗೆ ಓದಾಕ ಬರತಿರಲಿಲ್ಲ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದಳು: "ಅವತ್ತ ಅತ್ತಿ ಮನ್ಯಾಗ ಇರಲೇ ಇಲ್ರಿ. ಚಿಂಚಲಿ ಮಾಯಕ್ಕನ ಜಾತ್ರಿಗೆ ಹೋಗಿದ್ಲು. ಹೊರಗಿನಿಂದ ಚಿಲಕಾ ಹಾಕಿದಾಂವ ಅವನ. ಯಾರೂ ನನ್ನ ಕೇಳಲಿಲ್ಲ. ಎಲ್ಲಾರೂ 'ನಿಮ್ಮತ್ತಿ ಎಂಥಾಕಿ' ಅಂದ್ರು. ನನಗೂ ಹಂಗ ಅನ್ನೂದ ಸಲೀಸ ಆತು."

ಆ ಚೀಟಿಯ ಅಕ್ಷರ ತಿದ್ದಿದವಳು ನಾನು. ಮೂರು ವರ್ಷ ಅವನ ಉತ್ತರ ಪತ್ರಿಕೆ ತಿದ್ದಿದ್ದೆ. ಜೋರು ಬಾಯಿ ಕಂಡು ಅದೇ ಅಪರಾಧ ಅಂದುಕೊಂಡೆ. ಆಗ ನಮ್ಮ ಊರಿನಲ್ಲಿ ಇಷ್ಟು ಚಾನೆಲ್ ಇರಲಿಲ್ಲ. ಧಾರಾವಾಹಿ ಈ ಕಣ್ಣನ್ನು ಹುಟ್ಟಿಸಲಿಲ್ಲ ಎಂಬುದು ನಿಜ. ಮೊದಲೇ ಇದ್ದ ಕುರುಡಿಗೆ ಅದು ದಿನಾ ಸಂಜೆ ಕಾಡಿಗೆ ಹಚ್ಚುತ್ತಿದೆ.

ಕಾನೂನು ಯಾರ ಹೆಸರು ಮೊದಲು ಹೇಳುತ್ತದೆ?

ಒಬ್ಬ ಮುದುಕಿಯ ನೆನಪು ಸಾಲದು ಎನ್ನುವವರು ಅಂಕಿ ನೋಡಲಿ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಇಡೀ ದೇಶದಲ್ಲಿ ಇದೇ ಎಲ್ಲಕ್ಕಿಂತ ಹೆಚ್ಚು. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 20.6 ಇತ್ತು. ಗಮನವಿಟ್ಟು ಓದಿ: ಗಂಡನಿಂದ. ಅತ್ತೆಯಿಂದ, ನಾದಿನಿಯಿಂದ ಅಂತಲ್ಲ. ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಸುಮಾರು ಶೇ. 77ರಷ್ಟು ಹೆಂಗಸರು, ಕೆಲವು ಕಾರಣಗಳಿಗೆ ಗಂಡ ಹೊಡೆಯುವುದು ಸರಿ ಎಂದರು. ದೇಶದಾದ್ಯಂತ ಹೆಂಗಸರು ಎಲ್ಲಕ್ಕಿಂತ ಹೆಚ್ಚಾಗಿ ಒಪ್ಪಿದ ಕಾರಣ ಯಾವುದು ಗೊತ್ತೇ? ಅತ್ತೆ ಮಾವಂದಿರಿಗೆ ಸೊಸೆ ಮರ್ಯಾದೆ ಕೊಡದಿರುವುದು. ಸೊಸೆ ಎದುರಾಡಿದಳು, ಅತ್ತೆ ಅತ್ತಳು, ಮಗ ಕೈ ಎತ್ತಿದ. ದಿನಾ ಸಂಜೆ ನಾವು ನೋಡುವ ದೃಶ್ಯ ಇದೇ ಅಲ್ಲವೇ? ಆಮೇಲೆ ಜಾಹೀರಾತು ಬರುತ್ತದೆ.

ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಕ್ರೌರ್ಯಕ್ಕೆ ಶಿಕ್ಷೆ ಹೇಳುವ 498ಎ ಕಲಂ 1983ರಲ್ಲಿ ಬಂತು, ವರದಕ್ಷಿಣೆ ಸಾವಿನ 304ಬಿ ಕಲಂ 1986ರಲ್ಲಿ ಬಂತು. ಇದಕ್ಕಾಗಿ ದೇಶದ ಹೆಂಗಸರು ಬೀದಿಗಿಳಿದು ಹೋರಾಡಿದ್ದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಾದ ಮೇಲೆ ಇವೇ 85 ಮತ್ತು 80ನೆಯ ಕಲಂಗಳಾಗಿವೆ. ಎರಡರಲ್ಲೂ ಬರೆದಿರುವುದು ಒಂದೇ ಕ್ರಮದಲ್ಲಿ: ಗಂಡ, ಅಥವಾ ಗಂಡನ ಸಂಬಂಧಿಕರು. ಕಾನೂನು ಮೊದಲು ಗಂಡನ ಹೆಸರು ಹೇಳುತ್ತದೆ. ಧಾರಾವಾಹಿ ಅತ್ತೆಯ ಹೆಸರು ಹೇಳಿ ಅಲ್ಲಿಗೇ ನಿಲ್ಲಿಸುತ್ತದೆ. ಇಷ್ಟೆಲ್ಲ ಕಾನೂನಿದ್ದೂ ಪೊಲೀಸರ ದಾಖಲೆಯಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳಾದವು.

"ಹಾಗಾದ್ರ ಅತ್ತೆಂದ್ರು ದೇವತಿಗಳೇನ್ರಿ ಬಾಯಾರ?" ಎಂದು ನೀವು ಕೇಳುತ್ತೀರಿ. ಅಲ್ಲ. ಸೊಸೆಗೆ ಅನ್ನ ಹಾಕದ ಅತ್ತೆಯರನ್ನು ನಾನು ಕಂಡಿದ್ದೇನೆ. ಅಂಥವರಿಗೆ ಶಿಕ್ಷೆ ಆಗಲೇಬೇಕು. ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಪ್ರತಿವಾದಿ ವಯಸ್ಕ ಗಂಡಸೇ ಆಗಿರಬೇಕು ಎಂಬರ್ಥದ ಮಾತನ್ನು ಸುಪ್ರೀಂ ಕೋರ್ಟು 2016ರಲ್ಲಿ ತೆಗೆದುಹಾಕಿದೆ, ಹಾಗಾಗಿ ಅತ್ತೆ ನಾದಿನಿಯರ ಮೇಲೂ ದೂರು ಕೊಡಬಹುದು. ನಾನು ಹೇಳುವುದು, ಅತ್ತೆಯ ಕ್ರೌರ್ಯಕ್ಕೆ ಬೇರು ಎಲ್ಲಿದೆ ನೋಡಿ ಎಂದು. ನಲವತ್ತು ವರ್ಷ ದುಡಿದ ಹೊಲದ ಉತಾರದಲ್ಲಿ ಅವಳ ಹೆಸರಿಲ್ಲ. ಮನೆ ಗಂಡನದು, ಆಮೇಲೆ ಮಗನದು. ಅವಳಿಗೆ ಇರುವ ಆಸ್ತಿ ಮಗ ಒಬ್ಬನೇ. ಅವನ ಮೇಲೆ ಇನ್ನೊಬ್ಬಳ ಹಕ್ಕು ಬಂದಾಗ ಅವಳಿಗೆ ನೆಲ ಅಲುಗಾಡುತ್ತದೆ. ಈ ಭಯವನ್ನು ತೋರಿಸಿದರೆ ಉತಾರದ ಪ್ರಶ್ನೆ ಏಳುತ್ತದೆ. ಅವಳನ್ನು ರಾಕ್ಷಸಿ ಮಾಡಿಬಿಟ್ಟರೆ ಯಾವ ಪ್ರಶ್ನೆಯೂ ಏಳುವುದಿಲ್ಲ. ಹೊಲ ಯಾರ ಹೆಸರಿನಲ್ಲಿತ್ತೋ ಅವರ ಹೆಸರಿನಲ್ಲೇ ಉಳಿಯುತ್ತದೆ.

ಬೇರೆ ರೀತಿಯೂ ಇದೆ

ಬೇರೆ ರೀತಿ ಕತೆ ಹೇಳಲು ಆಗುವುದೇ ಇಲ್ಲ ಎಂದು ಯಾರಾದರೂ ಅಂದರೆ ನಂಬಬೇಡಿ. 2022ರಲ್ಲಿ ಶುರುವಾದ 'ಭಾಗ್ಯಲಕ್ಷ್ಮಿ'ಯಲ್ಲಿ ಪದ್ಮಜಾ ರಾವ್ ಅವರ ಕುಸುಮಾ ಎಂಬ ಅತ್ತೆ ಹೆತ್ತ ಮಗನ ತಪ್ಪನ್ನು ತಪ್ಪು ಅಂದಳು, ಸೊಸೆ ಭಾಗ್ಯಾಳ ಬೆನ್ನಿಗೆ ನಿಂತಳು. ಮೇಲೆ ಹೇಳಿದ 'ಪುಟ್ಟಕ್ಕನ ಮಕ್ಕಳು'ವಿನಲ್ಲೇ ಮಂಜುಭಾಷಿಣಿ ಅವರ ಬಡ್ಡಿ ಬಂಗಾರಮ್ಮ ಮೊದಲು ಕಲ್ಲು ಮನಸ್ಸಿನವಳಾಗಿ ಬಂದು, ಆಮೇಲೆ ನಾವೆಲ್ಲ ಮೆಚ್ಚುವಂಥವಳಾದಳು. ಬರೆಯುವವರಿಗೆ ಕೈ ಬರುತ್ತದೆ, ಮನಸ್ಸು ಬರಬೇಕು ಅಷ್ಟೇ.

ನಮ್ಮ ಹಿರಿಯರ ಆಟಗಳಲ್ಲೂ ಇದಿತ್ತು. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ನಮ್ಮ ಹಳ್ಳಿಗಳಲ್ಲಿ ರಾತ್ರಿಯೆಲ್ಲ ಕೂತು ನೋಡಿದವರು ಇನ್ನೂ ಇದ್ದಾರೆ. ಅಲ್ಲಿಯೂ ಒಬ್ಬ ಗಂಡ, ಇಬ್ಬರು ಸವತಿಯರು, ಒಂದು ಹೂವಿನ ಜಗಳ. ಸತ್ಯಭಾಮೆಗೆ ಹೊಟ್ಟೆಕಿಚ್ಚಿದೆ, ಸೊಕ್ಕಿದೆ. ಆದರೆ ಅವಳು ಹಾಲಿಗೆ ವಿಷ ಹಾಕಲು ಹೋಗುವುದಿಲ್ಲ. ಸಿಟ್ಟನ್ನು ಕೃಷ್ಣನಿಗೇ ತೋರಿಸುತ್ತಾಳೆ. ಜಗಳ ಹಚ್ಚಿದವನು ಯಾರು ಎಂದು ಆಟ ನೋಡಿದ ಅನಕ್ಷರಸ್ಥ ಅಜ್ಜಿಗೂ ಗೊತ್ತಾಗುತ್ತಿತ್ತು.

ಇನ್ನೊಂದು ಸಂಗತಿ ಎಷ್ಟೋ ಜನರಿಗೆ ಗೊತ್ತಿಲ್ಲ. ಈ ಧಾರಾವಾಹಿಗಳು ಬರುವ ಎಷ್ಟೋ ಮೊದಲೇ ಕ್ಯಾಮೆರಾ ನಮ್ಮ ನಿಪ್ಪಾಣಿಗೆ ಬಂದಿತ್ತು. 1982ರಲ್ಲಿ ದೀಪಾ ಧನರಾಜ್ ಮತ್ತು ಅವರ ಗೆಳೆಯರ 'ಯುಗಾಂತರ' ತಂಡ ನಿಪ್ಪಾಣಿಯ ತಂಬಾಕು ಕಾರ್ಖಾನೆಯ ಹೆಣ್ಣು ಕೂಲಿಕಾರರ ಬಗ್ಗೆ 'ತಂಬಾಕು ಚಾಕಿಲಾ ಊಬ ಆಲಿ' ಎಂಬ ಚಿತ್ರ ಮಾಡಿತು. ತಂಬಾಕಿನ ಧೂಳು ಕುಡಿದು ದುಡಿಯುವ ಹೆಂಗಸರು ಅದರಲ್ಲಿ ತಮ್ಮ ಮಾತು ತಾವೇ ಆಡಿದರು, ತಾವು ಹೇಗೆ ಸಂಘಟಿತರಾದೆವು ಎಂದು ತಾವೇ ಹೇಳಿದರು. ಯಾರ ಮುಖಕ್ಕೂ ಕಾಡಿಗೆ ಬಳಿದಿರಲಿಲ್ಲ. ಅದೇ ತಂಡ ಮರುವರ್ಷ ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯ ಹೆಂಗಸರ ಜೊತೆ ಕೂಡಿ ಮನೆಯೊಳಗಿನ ಹಿಂಸೆಯ ಬಗ್ಗೆ ತೆಲುಗಿನಲ್ಲಿ ಒಂದು ಚಿತ್ರ ಮಾಡಿತು. ಅದರ ಹೆಸರಿನ ಅರ್ಥ, 'ಇದು ಬರೀ ಕತೆಯೇನು?' ಎಂದು. ದಿನಾ ಟೀವಿ ಆರಿಸುವಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ.

ನಮ್ಮ ಸಂಘಗಳಿಗೆ ಒಂದು ಕೋರಿಕೆ

ಟೀವಿ ಒಡೆಯಿರಿ ಎಂದು ನಾನು ಹೇಳುವುದಿಲ್ಲ. ವಾರಕ್ಕೊಂದು ಸಲ ಸಂಘದಲ್ಲಿ ಯಾವುದಾದರೂ ಧಾರಾವಾಹಿಯ ಒಂದು ಕಂತಿನ ಬಗ್ಗೆ ಮಾತಾಡಿ. ಹೇಗಿದ್ದರೂ ಮಾತಾಡುತ್ತೀರಿ, ಮೂರು ಪ್ರಶ್ನೆ ಹಾಕಿಕೊಂಡು ಮಾತಾಡಿ. ಈ ಹೆಂಗಸಿಗೆ ಮೊದಲು ನೋವು ಕೊಟ್ಟವರು ಯಾರು? ಮನೆ, ಹೊಲ, ಬಂಗಾರ, ಹಣ ಯಾರ ಹೆಸರಿನಲ್ಲಿದೆ? ಜಗಳ ನಡೆಯುವಾಗ ಸುಮ್ಮನೆ ಕೂತವರು ಯಾರು, ಅವರಿಗೆ ಅದರಿಂದ ಲಾಭವೇನು? ಈ ಮೂರು ಪ್ರಶ್ನೆ ಟೀವಿಯ ಮನೆಗೆ ಕೇಳುತ್ತ ಕೇಳುತ್ತ ನಮ್ಮ ಮನೆಗೂ ಕೇಳಲು ಬರುತ್ತದೆ.

ಎರಡನೆಯದು, ಯಾರಾದರೂ "ಜಾರಿ ಬಿದ್ದೆ" ಎಂದರೆ ಅಲ್ಲಿಗೆ ಬಿಡಬೇಡಿ. ಸಭೆಯಲ್ಲಿ ಎಲ್ಲರೆದುರು ಕೇಳಬೇಡಿ, ಆಮೇಲೆ ಅವಳ ಜೊತೆ ನಡೆದುಹೋಗಿ ಕೇಳಿ. 181 ಮಹಿಳಾ ಸಹಾಯವಾಣಿ ಇದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರು 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಪ್ರಕಾರ ಸಂರಕ್ಷಣಾಧಿಕಾರಿಯೂ ಹೌದು, ಅವರ ಬಳಿ ದೂರು ಬರೆಸಬಹುದು. ಹೊಡೆತ ತಿಂದವಳು ಮನೆ ಬಿಟ್ಟು ಹೋಗಬೇಕಾಗಿಲ್ಲ, ಆ ಮನೆಯಲ್ಲಿ ಇರುವ ಹಕ್ಕು ಅವಳಿಗೆ ಆ ಕಾಯ್ದೆಯಲ್ಲಿದೆ. ತವರಿನಿಂದ ತಂದ ಬಂಗಾರ, ಸಾಮಾನು ಅವಳದೇ ಸ್ತ್ರೀಧನ. ಇದನ್ನೆಲ್ಲ ಯಾವ ಧಾರಾವಾಹಿಯ ನಾಯಕಿಯೂ ನಿಮಗೆ ಹೇಳಿಕೊಡುವುದಿಲ್ಲ. ಅವಳಿಗೆ ಅಳುವುದಕ್ಕೇ ಹೊತ್ತು ಸಾಲದು.

ಮೂರನೆಯದು, ಮಗನ ಮದುವೆ ಮಾಡುವ ಅತ್ತೆಯಂದಿರಿಗೆ. ನಿಮ್ಮ ಮಗನ ಚೀಟಿ ನೀವು ಓದಬೇಡಿ. ಅವನಿಗೆ ಮೋಟಾರ್ ಸೈಕಲ್ ಬೇಕಿದ್ದರೆ ಅವನೇ ಬಾಯಿಬಿಟ್ಟು ಕೇಳಲಿ, ಎಲ್ಲರೆದುರು ಕೇಳಲಿ. ಕೆಟ್ಟ ಹೆಸರು ನಿಮಗೆ, ಗಾಡಿ ಅವನಿಗೆ, ಈ ವ್ಯವಹಾರ ಇನ್ನು ಸಾಕು.

ಮುಂದಿನ ವಾರ ನಾನು ಅದೇ ಹಳ್ಳಿಗೆ ಮತ್ತೆ ಹೋದೆ. ಸಭೆ ಮುಗಿದ ಮೇಲೆ ಆ ತಂಗಿಯ ಜೊತೆ ಅವಳ ಮನೆಯ ತನಕ ನಡೆದೆ. ಕಬ್ಬಿನ ಗದ್ದೆಯ ದಾರಿ. ಮೊದಲು ಅವಳು ಮಾತಾಡಲಿಲ್ಲ. ಆಮೇಲೆ ನಿಂತು ಕೇಳಿದಳು: "ಬಾಯಾರ, ಅಂವಾ ಬ್ಯಾರೆದವ್ರ ಕೂಡ ಬಾಳ ಚಲೋ ಇರ್ತಾನ್ರಿ. ನಾ ಹೇಳಿದ್ರ ಯಾರ್ ನಂಬತಾರ?"

ನಾನು ಹೇಳಿದೆ: "ನಾ ನಂಬತೀನವಾ. ಹೇಳು."

ಅಕ್ಕತಂಗಿಯರೇ, ಅವಳು ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಸಂಘಗಳು ಚಿಕ್ಕೋಡಿಯಲ್ಲಿ, ನಿಪ್ಪಾಣಿಯಲ್ಲಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಎಷ್ಟಿವೆ? ಸಂಜೆ ಟೀವಿ ಹಚ್ಚುವ ಮೊದಲು ಒಮ್ಮೆ ಎಣಿಸೋಣ.